ಸಂದರ್ಶನಕ್ಕೆ ಉತ್ತರ ಕಲಿಯಲಿಲ್ಲ, ಮಾಡಿದ ಕೆಲಸ ನೆನಪಿಸಿಕೊಂಡೆ

ಗೋದಾಮಿನ ದಾಸ್ತಾನು ವಿಭಾಗದಲ್ಲಿ ಹಲವು ವರ್ಷ ದುಡಿದ ಮೇಲೆ ಮೇಲ್ವಿಚಾರಕರ ಹುದ್ದೆಯೊಂದಕ್ಕೆ ಅರ್ಜಿ ಹಾಕಿದೆ. ಕರೆ ಬಂದ ಕೂಡಲೇ ಎಲ್ಲರಂತೆ ನಾನೂ ‘ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು’ ಎಂಬ ಪಟ್ಟಿಗಳನ್ನು ತೆರೆದೆ. ಅಲ್ಲಿನ ಮಾದರಿ ಉತ್ತರಗಳೆಲ್ಲ ಒಂದೇ ಬಾಯಿಂದ ಬಂದಂತಿದ್ದವು: ನಾನು ಶ್ರಮಜೀವಿ, ಎಲ್ಲರೊಂದಿಗೂ ಹೊಂದಿಕೊಳ್ಳುತ್ತೇನೆ, ಸವಾಲೆಂದರೆ ನನಗೆ ಇಷ್ಟ. ಇಷ್ಟನ್ನು ಹೇಳಲು ಗೋದಾಮಿನ ಒಳಗೆ ಕಾಲಿಟ್ಟಿರಬೇಕಾದ ಅಗತ್ಯವೂ ಇಲ್ಲ. ಪಟ್ಟಿಗಳನ್ನು ಬದಿಗಿಟ್ಟು ಹುದ್ದೆಯ ಜಾಹೀರಾತನ್ನೇ ಮುದ್ರಿಸಿಕೊಂಡೆ.

ಜಾಹೀರಾತಿನ ಒಂದೊಂದು ಸಾಲೂ ಒಂದೊಂದು ಪ್ರಶ್ನೆ. ‘ದಾಸ್ತಾನಿನ ನಿಖರತೆಯ ಹೊಣೆ’ ಎಂದಿದ್ದರೆ, ಲೆಕ್ಕ ತಪ್ಪಿದಾಗ ಏನು ಮಾಡಿದಿರಿ ಎಂದು ಕೇಳುತ್ತಾರೆ. ‘ಪಾಳಿ ಸಿಬ್ಬಂದಿಯ ನಿರ್ವಹಣೆ’ ಎಂದಿದ್ದರೆ, ಮಾತು ಕೇಳದವರನ್ನು ಹೇಗೆ ಸಂಭಾಳಿಸಿದಿರಿ ಎಂದು ಕೇಳುತ್ತಾರೆ. ಹಾಳೆಯ ಎಡಕ್ಕೆ ಆ ಸಾಲುಗಳನ್ನೂ ಬಲಕ್ಕೆ ನನ್ನ ಕೆಲಸದಲ್ಲಿ ನಿಜವಾಗಿ ನಡೆದ ಒಂದೊಂದು ಘಟನೆಯನ್ನೂ ಬರೆದೆ. ‘ಹೊಸ ತಂತ್ರಾಂಶ ಅಳವಡಿಕೆಯ ಅನುಭವ’ ಎಂಬ ಸಾಲಿನೆದುರು ಬರೆಯಲು ನನ್ನಲ್ಲಿ ಏನೂ ಇರಲಿಲ್ಲ. ಅದನ್ನು ಖಾಲಿಯೇ ಬಿಟ್ಟೆ.

ಘಟನೆಗಳನ್ನೇ ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಪಡಿಸಿದ ಅಳತೆಯ ಮೇಲೆ ಅಂಕ ಕೊಡುವ ಸಂದರ್ಶನವು, ಮನಸ್ಸಿಗೆ ಬಂದದ್ದನ್ನು ಕೇಳುವ ಹರಟೆಗಿಂತ ಅಭ್ಯರ್ಥಿ ಮುಂದೆ ಹೇಗೆ ಕೆಲಸ ಮಾಡುತ್ತಾನೆ ಎಂಬುದನ್ನು ಚೆನ್ನಾಗಿ ಊಹಿಸುತ್ತದೆ. ಮನೋವಿಜ್ಞಾನಿಗಳಾದ ಶ್ಮಿಟ್ ಮತ್ತು ಹಂಟರ್ ಅವರ 1998ರ ವಿಶ್ಲೇಷಣೆಯೂ ಸ್ಯಾಕೆಟ್ ಮತ್ತು ಸಂಗಡಿಗರ 2022ರ ಮರುಪರಿಶೀಲನೆಯೂ ಇದನ್ನೇ ಹೇಳಿದವು. ಇಂಥ ಸಂದರ್ಶನಗಳಲ್ಲಿ ‘ಹಿಂದೆ ಹೀಗಾದಾಗ ಏನು ಮಾಡಿದಿರಿ’ ಎಂಬುದು ಮುಖ್ಯ ಬಗೆಯ ಪ್ರಶ್ನೆ. ಅದಕ್ಕೆ ‘ನಾನು ಶ್ರಮಜೀವಿ’ ಎಂದರೆ ಯಾವ ಅಂಕವೂ ಹುಟ್ಟುವುದಿಲ್ಲ.

ಉತ್ತರಕ್ಕೊಂದು ಪ್ರಸಿದ್ಧ ಚೌಕಟ್ಟೂ ಇದೆ: ಸಂದರ್ಭ, ಹೊಣೆ, ಕ್ರಮ, ಫಲಿತಾಂಶ. ಇಂಗ್ಲಿಷಿನಲ್ಲಿ ಅದರ ಹೆಸರು ಸ್ಟಾರ್. ಒಳ್ಳೆಯದೇ, ಆದರೆ ನಾಲ್ಕಕ್ಕೂ ಸಮಪಾಲು ಕೊಡಬೇಕಾಗಿಲ್ಲ. ಮೊಬೈಲಿನಲ್ಲಿ ನನ್ನದೇ ಉತ್ತರವನ್ನು ಧ್ವನಿಮುದ್ರಿಸಿ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಹೊತ್ತು ಬರೀ ಸಂದರ್ಭದ ವರ್ಣನೆಯಲ್ಲೇ ಕಳೆದಿತ್ತು: ಗೋದಾಮು ಎಷ್ಟು ದೊಡ್ಡದು, ಪಾಳಿಗಳು ಹೇಗೆ ಬದಲಾಗುತ್ತವೆ, ಆ ತಿಂಗಳು ಯಾಕೆ ಅಷ್ಟು ಒತ್ತಡವಿತ್ತು. ಕೇಳುವವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಕತ್ತರಿಸಿದ ಮೇಲೆ ಉಳಿದದ್ದು ಹೀಗಿತ್ತು:

“ಗಣಕದಲ್ಲಿ 240 ಪೆಟ್ಟಿಗೆ, ರ‍್ಯಾಕಿನಲ್ಲಿ 228. ಕಳವಿನ ಅನುಮಾನ ಶುರುವಾಗಿತ್ತು. ಲೆಕ್ಕ ಸರಿಮಾಡುವ ಹೊಣೆ ನನ್ನದು. ಹಿಂದಿರುಗಿ ಬಂದ ಸರಕಿನ ಚೀಟಿಗಳನ್ನೆಲ್ಲ ದಿನಾಂಕದ ಪ್ರಕಾರ ಮೇಜಿನ ಮೇಲೆ ಹರಡಿದೆ. ಹನ್ನೆರಡು ಪೆಟ್ಟಿಗೆಗಳು ಎರಡು ಚೀಟಿಗಳಲ್ಲಿದ್ದವು. ಬಾಗಿಲಲ್ಲಿ ಇಳಿಸಿಕೊಂಡಾಗ ಒಮ್ಮೆ, ಗುಣಮಟ್ಟ ತಪಾಸಣೆ ಮುಗಿದಾಗ ಇನ್ನೊಮ್ಮೆ ಅವನ್ನು ದಾಸ್ತಾನಿಗೆ ಸೇರಿಸಲಾಗಿತ್ತು. ಅಂದಿನಿಂದ ಹಿಂದಿರುಗಿದ ಸರಕಿಗೆ ‘ತಪಾಸಣೆಯಲ್ಲಿದೆ’ ಎಂಬ ಪ್ರತ್ಯೇಕ ಸ್ಥಾನಸಂಕೇತ ಕೊಟ್ಟು, ತಪಾಸಣೆಯ ನಂತರವೇ ದಾಸ್ತಾನಿಗೆ ಸೇರಿಸುವಂತೆ ಮಾಡಿದೆ. ಮುಂದಿನ ತ್ರೈಮಾಸಿಕ ಎಣಿಕೆಯಲ್ಲಿ ಆ ಬಗೆಯ ವ್ಯತ್ಯಾಸ ಕಾಣಲಿಲ್ಲ.”

ಹೇಳಲು ಒಂದು ನಿಮಿಷ ಸಾಕು. ಬಾಯಿಪಾಠ ಮಾತ್ರ ಮಾಡಲಿಲ್ಲ. 240, 228 ಮತ್ತು ಎರಡು ಚೀಟಿ, ಇಷ್ಟು ನೆನಪಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ಪ್ರತಿ ಸಲವೂ ಮಾತು ತುಸು ಬೇರೆಯಾಗಿರುತ್ತದೆ, ಅದು ಇನ್ನೂ ಒಳ್ಳೆಯದು. ಉರು ಹೊಡೆದ ಉತ್ತರ ನಡುವೆ ಒಂದು ಮರುಪ್ರಶ್ನೆ ಬಿದ್ದರೆ ದಾರಿ ತಪ್ಪುತ್ತದೆ.

ಮರುಪ್ರಶ್ನೆ ಬಿದ್ದೇ ಬಿತ್ತು. “ಬೇರೆ ಪಾಳಿಯವರು ಇದಕ್ಕೆ ಒಪ್ಪಿದರೇ?” ಎಂದು ಮೂವರು ಸಂದರ್ಶಕರಲ್ಲಿ ಒಬ್ಬರು ಕೇಳಿದರು. ಒಪ್ಪಿರಲಿಲ್ಲ. ಹೆಚ್ಚುವರಿ ಸ್ಕ್ಯಾನಿನಿಂದ ಕೆಲಸ ನಿಧಾನವಾಗುತ್ತದೆ ಎಂದು ಒಬ್ಬರು ಗೊಣಗಿದ್ದರು. ಅವರ ಪಕ್ಕದಲ್ಲೇ ನಿಂತು ಸಮಯ ಅಳೆದಾಗ ಪೆಟ್ಟಿಗೆಗೆ ಕೆಲವೇ ಸೆಕೆಂಡು ಹೆಚ್ಚಾಗುತ್ತಿತ್ತು, ಅಲ್ಲಿಗೆ ವಾದ ಮುಗಿಯಿತು. ನಡೆದದ್ದನ್ನು ಹೇಳುವಾಗ ಇದೊಂದು ಲಾಭ: ಎಷ್ಟು ಆಳಕ್ಕೆ ಕೇಳಿದರೂ ಹೇಳಲು ಇನ್ನೇನಾದರೂ ಇರುತ್ತದೆ.

ಖಾಲಿ ಬಿಟ್ಟಿದ್ದ ಸಾಲಿಗೂ ಬಂದರು. ತಂತ್ರಾಂಶ ಅಳವಡಿಸಿದ ಅನುಭವ ಇಲ್ಲವೆಂದೇ ಹೇಳಿದೆ. ಅಷ್ಟಕ್ಕೇ ನಿಲ್ಲಿಸದೆ, ಬಾರ್‌ಕೋಡ್ ವ್ಯವಸ್ಥೆ ಬಂದಾಗ ಬಳಕೆದಾರನಾಗಿ ನಾನು ಕಂಡ ತೊಡಕುಗಳನ್ನು ತಿಳಿಸಿ, ಹೊಣೆ ನನ್ನದಾದರೆ ಹಳೆಯ ದತ್ತಾಂಶ ಸರಿಪಡಿಸುವುದನ್ನೇ ಮೊದಲು ಹಿಡಿಯುತ್ತೇನೆ ಎಂದೆ. ಯೋಚಿಸಲು ಕೆಲವು ಕ್ಷಣ ತೆಗೆದುಕೊಂಡೆ. ಆ ಮೌನಕ್ಕೆ ಅಭ್ಯರ್ಥಿಗಳು ಹೆದರುವಷ್ಟು ಸಂದರ್ಶಕರು ಹೆದರುವುದಿಲ್ಲ, ಅವರು ಆ ಹೊತ್ತಿನಲ್ಲಿ ಬರೆದುಕೊಳ್ಳುತ್ತಿರುತ್ತಾರೆ.

ಈಗಿನ ಕೆಲಸ ಬಿಡುವುದೇಕೆ ಎಂಬುದಕ್ಕೆ ಒಂದೇ ವಾಕ್ಯ, ಯಾರ ಮೇಲೂ ದೂರಿಲ್ಲ. ಸಂಬಳದ ಬಗ್ಗೆ ಅದೇ ಮಟ್ಟದ ಹುದ್ದೆಗಳ ಜಾಹೀರಾತು ನೋಡಿ ಒಂದು ಮಿತಿ ಗೊತ್ತುಮಾಡಿಕೊಂಡಿದ್ದೆ, ಅದನ್ನೇ ಹೇಳಿದೆ. ದೌರ್ಬಲ್ಯದ ಪ್ರಶ್ನೆ ನನ್ನ ಮಟ್ಟಿಗೆ ಕಾಲಹರಣ. ‘ಅತಿಯಾದ ಪರಿಪೂರ್ಣತೆ’ ಎಂಬ ಉತ್ತರವನ್ನಂತೂ ಯಾರೂ ನಂಬುವುದಿಲ್ಲ.

ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದಾಗ, ಈ ಹುದ್ದೆಗೆ ಬಂದವರು ಮೊದಲ ಮೂರು ತಿಂಗಳಲ್ಲಿ ಯಾವುದನ್ನು ಸರಿಪಡಿಸಬೇಕೆಂಬುದು ನಿಮ್ಮ ಅಪೇಕ್ಷೆ ಎಂದು ಕೇಳಿದೆ. ರಾತ್ರಿ ಪಾಳಿಯಲ್ಲಿ ತಪ್ಪು ಸರಕು ಲಾರಿಗೆ ಏರುತ್ತಿದೆ ಎಂದರು. ಕೊನೆಯ ಹತ್ತು ನಿಮಿಷ ಅದರ ಕುರಿತೇ ಮಾತಾಯಿತು, ಆಗ ಹೆಚ್ಚು ಪ್ರಶ್ನೆ ಕೇಳಿದವನು ನಾನು.

ಹುದ್ದೆ ಸಿಕ್ಕಿತು. ಆ ಹಾಳೆ ಈಗ ಒಂದು ಟಿಪ್ಪಣಿ ಪುಸ್ತಕವಾಗಿದೆ. ಏನಾದರೂ ತೊಡಕು ಬಗೆಹರಿದ ದಿನವೇ ಅಂಕಿಗಳ ಸಮೇತ ಬರೆದಿಡುತ್ತೇನೆ. ವರ್ಷ ಕಳೆದರೆ ಘಟನೆ ನೆನಪಿನಲ್ಲಿ ಉಳಿಯುತ್ತದೆ, 240 ಮತ್ತು 228 ಉಳಿಯುವುದಿಲ್ಲ.