ಫ್ಯಾನು, ಗಿರಗಿಟ್ಲೆ, ಅಗರಬತ್ತಿ ಕಡ್ಡಿ: ಹೆಲಿಕಾಪ್ಟರ್ ಎಂಜಿನ್ನಿನ ಗುಟ್ಟು ಮನೆಯಲ್ಲೇ ನೋಡಿ

ಬೆಂಗಳೂರಿನ ವಿಮಾನಪುರ, ಮುರುಗೇಶಪಾಳ್ಯದ ಕಡೆ ಮನೆಯಿದ್ದರೆ ತಲೆ ಮೇಲೆ ಧ್ರುವ ಹೆಲಿಕಾಪ್ಟರ್ ಹೋಗುವ ಸದ್ದು ಹೊಸದೇನಲ್ಲ. ಈಗಿನ ಧ್ರುವದಲ್ಲಿರುವುದು ‘ಶಕ್ತಿ’ ಹೆಸರಿನ ಎರಡು ಟರ್ಬೋಶಾಫ್ಟ್ ಎಂಜಿನ್, ಅಂದರೆ ಬಿಸಿ ಅನಿಲದ ಬಲದಿಂದ ದಂಡವೊಂದನ್ನು (ಶಾಫ್ಟ್) ತಿರುಗಿಸುವ ಎಂಜಿನ್. ಫ್ರಾನ್ಸಿನ ಟರ್ಬೊಮೆಕಾ ಮತ್ತು ನಮ್ಮ ಎಚ್‌ಎಎಲ್ ಸೇರಿ ರೂಪಿಸಿದ್ದು. ಅಲ್ಲಿ ಇದರ ಹೆಸರು ಆರ್ಡಿಡೆನ್. ರುದ್ರ, ಪ್ರಚಂಡ ಹೆಲಿಕಾಪ್ಟರ್‌ಗಳು ಹಾರುವುದೂ ಇದರಿಂದಲೇ.

ಇದು ಕೆಲಸ ಮಾಡುವ ಬಗೆಯನ್ನು ಮಕ್ಕಳಿಗೆ ತೋರಿಸಲು ಅರ್ಧ ಗಂಟೆ ಸಾಕು.

ಮೊದಲು ಒಂದು ಕಾಗದದ ಗಿರಗಿಟ್ಲೆ ಮಾಡಿ. ಉರಿದು ಉಳಿದ ಅಗರಬತ್ತಿ ಕಡ್ಡಿಯನ್ನು ಅದರ ನಡುವೆ ತೂರಿಸಿ, ಫೆವಿಕಾಲ್ ಹಾಕಿ ಗಟ್ಟಿಯಾಗಿ ಅಂಟಿಸಿ. ಪೂರ್ತಿ ಒಣಗಲಿ, ಅವಸರ ಬೇಡ. ಆಮೇಲೆ ಕಡ್ಡಿಯನ್ನು ಜ್ಯೂಸ್ ಸ್ಟ್ರಾ ಒಳಗೆ ಹಾಯಿಸಿ, ಹಿಂದಿನ ತುದಿಗೆ ದಾರ ಕಟ್ಟಿ, ದಾರಕ್ಕೆ ಒಂದು ಪೇಪರ್ ಕ್ಲಿಪ್ ತೂಗುಬಿಡಿ.

ಸ್ಟ್ರಾ ಹಿಡಿದು ಟೇಬಲ್ ಫ್ಯಾನಿನ ಎದುರು ನಿಲ್ಲಿ. ಫ್ಯಾನಿನ ಜಾಲರಿ ತೆಗೆಯಬೇಡಿ. ಗಿರಗಿಟ್ಲೆ ತಿರುಗುತ್ತದೆ, ದಾರ ಸುತ್ತಿಕೊಳ್ಳುತ್ತದೆ, ಕ್ಲಿಪ್ ಮೇಲೇರುತ್ತದೆ. ಈಗ ಗಿರಗಿಟ್ಲೆಯನ್ನು ಬೆರಳಿನಿಂದ ತಡೆಯಿರಿ. ಫ್ಯಾನ್ ನಿಲ್ಲಲಿಲ್ಲ, ಅಲ್ವಾ? ಎರಡರ ನಡುವೆ ಇರುವುದು ಗಾಳಿ ಮಾತ್ರ.

ಶಕ್ತಿಯಲ್ಲೂ ಹೀಗೆಯೇ. ಒಳಗೆ ಬಂದ ಗಾಳಿಯನ್ನು ಎರಡು ಚಕ್ರಗಳು ಒತ್ತಿ ಅದುಮುತ್ತವೆ. ಅದರಲ್ಲಿ ಇಂಧನ ಉರಿಯುತ್ತದೆ. ಬಿಸಿ ಅನಿಲ ಮೊದಲು ಒಂದು ಟರ್ಬೈನನ್ನು, ಅಂದರೆ ಅಲಗುಗಳಿರುವ ಚಕ್ರವನ್ನು, ತಿರುಗಿಸುತ್ತದೆ. ಗಾಳಿ ಒತ್ತುವ ಚಕ್ರಗಳನ್ನು ತಿರುಗಿಸುವುದೇ ಅದರ ಕೆಲಸ. ಉಳಿದ ಬಲ ಹಿಂದಿನ ಇನ್ನೊಂದು ಟರ್ಬೈನಿಗೆ. ಮೊದಲಿನದಕ್ಕೂ ಇದಕ್ಕೂ ನಡುವೆ ಕಬ್ಬಿಣದ ನಂಟಿಲ್ಲ. ಇದೇ ನಿಮ್ಮ ಗಿರಗಿಟ್ಲೆ. ಅಗರಬತ್ತಿ ಕಡ್ಡಿಯೇ ಶಾಫ್ಟ್. ಜೆಟ್ ವಿಮಾನ ಅನಿಲವನ್ನು ಹಿಂದಕ್ಕೆ ಚಿಮ್ಮಿಸಿ ಮುಂದೆ ಹೋಗುತ್ತದೆ. ಇಲ್ಲಿ ಬಲವೆಲ್ಲ ಶಾಫ್ಟಿಗೇ ಬೇಕು. ಆ ಶಾಫ್ಟಿನ ವೇಗವನ್ನು ಗೇರ್‌ಬಾಕ್ಸ್ ತಗ್ಗಿಸಿ ರೆಕ್ಕೆಗಳಿಗೆ ಕೊಡುತ್ತದೆ.

ಕೊನೆಗೆ ಫ್ಯಾನನ್ನು ಒಂದಕ್ಕೆ ಇಳಿಸಿ. ಕ್ಲಿಪ್ ಏರಲು ಕಷ್ಟಪಡುತ್ತದೆ. ಎತ್ತರಕ್ಕೆ ಹೋದಾಗ ಎಂಜಿನ್ನಿನ ಪಾಡೂ ಹೀಗೆಯೇ. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಗಾಳಿ ತೆಳುವಾದಷ್ಟೂ ಎಂಜಿನ್ನಿನ ಬಲ ಕಡಿಮೆ. ಮೊದಲ ಧ್ರುವಗಳಲ್ಲಿದ್ದ ಎಂಜಿನ್ನಿಗಿಂತ ಶಕ್ತಿಯ ಬಲ ಜಾಸ್ತಿ. ಸಿಯಾಚಿನ್‌ನಂಥ ಕಡೆ ಸೈನಿಕರಿಗೆ ಸಾಮಾನು ಮುಟ್ಟಿಸಲು ಆ ಬಲವೇ ಬೇಕಿತ್ತು. ಪ್ರಚಂಡ 2015ರಲ್ಲಿ ಅಲ್ಲಿ ಇಳಿದು ತೋರಿಸಿತು.

ಫ್ಯಾನಿನ ಯಾವ ಸ್ಪೀಡಿಗೆ ಎಷ್ಟು ಕ್ಲಿಪ್ ಏರುತ್ತವೆ ಎಂದು ಮಕ್ಕಳ ಕೈಲೇ ಬರೆಸಿ.