ಗಾಳಿ ಸೋರದ ಡಬ್ಬ: ಹಳೇ ಎಆರ್-3ಎ ಜೋಡಿಯ ರಿಪೇರಿ

ನಮ್ಮ ಮನೆಯ ಎಆರ್-3ಎ ಸ್ಪೀಕರ್ ಜೋಡಿ ರಿಪೇರಿಯಾಗಿ ಈಗ ಸರಿಯಾಗಿ ಹಾಡುತ್ತಿದೆ. ಎಆರ್ ಅಂದರೆ ಅಮೆರಿಕದ ಅಕೂಸ್ಟಿಕ್ ರಿಸರ್ಚ್ ಕಂಪನಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಹಾಗೇ ಇದೆ. ಶಿಮ್ (ಕಾಯಿಲ್ ನಡುವಲ್ಲೇ ನಿಲ್ಲಲು ಸುತ್ತ ತುರುಕುವ ತೆಳು ಪಟ್ಟಿ) ಹಾಕದೆ ಕೋನ್ (ಸ್ಪೀಕರಿನ ಆಡುವ ಶಂಕು) ಕೂರಿಸಿದರೆ ಅದರ ಹಿಂದಿನ ತಂತಿಯ ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುತ್ತೆ ಅಂದವರು, ತೂತಿಲ್ಲದ ಡಬ್ಬದಿಂದ ಬೇಸ್ (ತಗ್ಗಿನ ದನಿ) ಬರಲ್ಲ ಅಂದವರು, ಎಲ್ಲರೂ ಬಂದು ಕೇಳಿ ಹೋಗಿದ್ದಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಇವು 1970ರ ಆಸುಪಾಸಿನವು. ನಮ್ಮ ಭಾವ ಬಾಸ್ಟನ್ ಹತ್ತಿರ ಇದ್ದಾಗ, ಮನೆ ಖಾಲಿ ಮಾಡುತ್ತಿದ್ದ ಯಾರಿಂದಲೋ ನೂರು ಚಿಲ್ಲರೆ ಡಾಲರಿಗೆ ಕೊಂಡಿದ್ದರು. ಹೊಸದಾಗಿದ್ದಾಗ ಒಂದೊಂದಕ್ಕೇ 250 ಡಾಲರ್ ಇತ್ತು. ಅವರು ಬೆಂಗಳೂರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಬಂದವು. ಒಂದೊಂದು ಸುಮಾರು 24 ಕೆಜಿ. ಬಿಚ್ಚಿ ನೋಡಿದರೆ ಊಫರ್ (ಬೇಸ್ ನುಡಿಸುವ ದೊಡ್ಡ ಘಟಕ) ಸುತ್ತಲಿನ ಫೋಮ್ ಪಟ್ಟಿ ಮುಟ್ಟಿದಲ್ಲೆಲ್ಲ ಪುಡಿ.

ಎಸ್.ಪಿ. ರೋಡಿನ ರಿಪೇರಿಯವರೊಬ್ಬರಿಗೆ ತೋರಿಸಿದೆ. "ಸಾರ್, ಹೊಸ ಊಫರ್ ಕೂರಿಸ್ಬಿಡಿ. ಮುಂದೆ ಒಂದು ಪೋರ್ಟ್ ಕೊರೆದುಕೊಡ್ತೀನಿ, ಬೇಸ್ ಹೆಂಗೆ ಬರುತ್ತೆ ನೋಡಿ" ಅಂದರು. ಕೆಲಸ ಗೊತ್ತಿರುವ ಮನುಷ್ಯ, ಸುಳ್ಳು ಹೇಳುವವರಲ್ಲ. ಆದರೆ ಈ ಡಬ್ಬಕ್ಕೆ ತೂತು ಕೊರೆದರೆ ಉಳಿಯುವುದು ಬರೀ ಮರ.

ಯಾಕೆ ಅಂದರೆ, ಅಕೂಸ್ಟಿಕ್ ರಿಸರ್ಚ್ ಕಂಪನಿ ಹುಟ್ಟಿದ್ದೇ ಈ ಮುಚ್ಚಿದ ಡಬ್ಬದಿಂದ. ಆಗೆಲ್ಲ ಆಳದ ಬೇಸ್ ಬೇಕಾದರೆ ಬೀರುವಿನಷ್ಟು ದೊಡ್ಡ ಡಬ್ಬ ಬೇಕಿತ್ತು. ಎಡ್ಗರ್ ವಿಲ್ಚರ್ ಕೋನನ್ನು ತೀರಾ ಸಡಿಲವಾಗಿ ಕಟ್ಟಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಸ್ಪ್ರಿಂಗ್ ಮಾಡಿದರು. ಮೊದಲ ಮಾದರಿಯ ಸರೌಂಡಿಗೆ (ಕೋನನ್ನು ಫ್ರೇಮಿಗೆ ಹಿಡಿಯುವ ಅಂಚಿನ ಪಟ್ಟಿ) ಹಾಸಿಗೆ ಬಟ್ಟೆ. ದೊಡ್ಡ ಕಂಪನಿಗಳಿಗೆ ಹೇಳಿದರೆ ಯಾರೂ ತಗೊಳ್ಳಲಿಲ್ಲ. ಕೊನೆಗೆ ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಮ್ಯಾಸಚುಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ತಾವೇ ಶುರು ಮಾಡಿದರು. ಕ್ಲಾಸ್ 1957ರಲ್ಲೇ ಹೊರಗೆ ಹೋಗಿ ಕೆಎಲ್ಎಚ್ ಅಂತ ಇನ್ನೊಂದು ಸ್ಪೀಕರ್ ಕಂಪನಿ ಕಟ್ಟಿದರು. 1958ರಲ್ಲಿ ಡೋಮ್ ಟ್ವೀಟರಿನ (ಏರುದನಿ ನುಡಿಸುವ ಸಣ್ಣ ಗುಮ್ಮಟದಂಥ ಘಟಕ) ಎಆರ್-3 ಬಂತು. ಫೈನ್ ಆರ್ಟ್ಸ್ ಕ್ವಾರ್ಟೆಟ್‌ನವರು (ನಾಲ್ವರು ತಂತಿವಾದ್ಯದವರ ತಂಡ) ವೇದಿಕೆ ಮೇಲೆ ನುಡಿಸುತ್ತಾ ಮಧ್ಯೆ ನಿಲ್ಲಿಸಿ ಬಿಲ್ಲು ಆಡಿಸುವಂತೆ ನಟಿಸೋದು, ಸ್ಪೀಕರ್ ಮುಂದುವರಿಸೋದು, ಕೂತವರಿಗೆ ಗೊತ್ತೇ ಆಗದಿರೋದು. ಇಂಥ ಪ್ರದರ್ಶನ ಊರೂರಲ್ಲಿ ಮಾಡಿದರು. 60ರ ದಶಕದ ಮಧ್ಯದಲ್ಲಿ ಅಮೆರಿಕದ ಮನೆ ಸ್ಪೀಕರ್ ಮಾರುಕಟ್ಟೆಯಲ್ಲಿ ಮೂರರಲ್ಲಿ ಒಂದು ಪಾಲು ಇವರದೇ ಅನ್ನುತ್ತಾರೆ. ಈ ಡಬ್ಬದ ಪೇಟೆಂಟು ಕೋರ್ಟಿನಲ್ಲಿ ಬಿದ್ದುಹೋಯಿತು, ವಿಲ್ಚರ್ ಮೇಲ್ಮನವಿಗೂ ಹೋಗಲಿಲ್ಲ. ಎಲ್ಲರೂ ಅದೇ ಡಬ್ಬ ಮಾಡತೊಡಗಿದರು. 1967ರಲ್ಲಿ ವಿಲ್ಚರ್ ಕಂಪನಿಯನ್ನು ಟೆಲಿಡೈನ್‌ಗೆ ಮಾರಿ ಶ್ರವಣ ಸಾಧನದ ಸಂಶೋಧನೆಗೆ ಹೋದರು. ಆಮೇಲೆ ಜೆನ್ಸನ್, ರೆಕೋಟಾನ್, ಆಡಿಯೋವಾಕ್ಸ್ ಅಂತ ಹೆಸರು ಕೈಯಿಂದ ಕೈಗೆ ಹೋಯಿತು.

ಟೆಲಿಡೈನ್ ಕೈಗೆ ಹೋದ ಕೂಡಲೇ ಮಾಲು ಕೆಟ್ಟಿತು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ನನ್ನ ಜೋಡಿ ಟೆಲಿಡೈನ್ ಕಾಲದ್ದೇ, ಒಳಗಿನ ಕೆಲಸ ಅಚ್ಚುಕಟ್ಟು. ಬಟ್ಟೆ ಸರೌಂಡ್ ಬಿಟ್ಟು ಫೋಮ್‌ಗೆ ಹೋದದ್ದೊಂದೇ ನನ್ನ ತಕರಾರು. ಬಟ್ಟೆಯವು ಇವತ್ತಿಗೂ ಉಳಿದಿವೆ, ಮೇಲಿನ ಲೇಪ ಒಣಗಿರುತ್ತೆ ಅಷ್ಟೆ.

ಸರಿ, ಕೆಲಸಕ್ಕೆ ಬರೋಣ. ಮೊದಲು ತರಿಸಿದ ಫೋಮ್ ಸುಮಾರು 2,500 ರೂಪಾಯಿ. "12 ಇಂಚಿಗೆ ಸರಿಹೋಗುತ್ತೆ" ಅಂತ ಬರೆದಿತ್ತು. ಅಳತೆ ಸರಿ, ಆದರೆ ಗಟ್ಟಿ. ಅಂಟಿಸಿ ಲ್ಯಾಪ್‌ಟಾಪಿನಲ್ಲಿ ಅಳೆದರೆ ಡಬ್ಬದೊಳಗಿನ ರೆಸೊನೆನ್ಸ್ (ಕೋನ್ ತಾನಾಗಿ ಕಂಪಿಸುವ ವೇಗ, ಕಡಿಮೆಯಾದಷ್ಟೂ ಬೇಸ್ ಆಳ) 50 ಹರ್ಟ್ಸ್ ಹತ್ತಿರ. ಇರಬೇಕಾದ್ದು 42-43. ಬೇಸ್ ಇತ್ತು, ಆಳ ಇರಲಿಲ್ಲ. ಕೆರೆದು ತೆಗೆಯುವ ಹೊತ್ತಿಗೆ ಕೋನ್ ಅಂಚು ಸ್ವಲ್ಪ ಎದ್ದಿತ್ತು, ತೆಳು ಟಿಶ್ಯೂ ಅಂಟಿಸಿ ಸರಿ ಮಾಡಿದೆ. ಎರಡನೆಯದನ್ನು ಅಮೆರಿಕದಿಂದಲೇ ತರಿಸಿದೆ. ಸಾಗಣೆ, ಸುಂಕ ಸೇರಿ ಆರೂವರೆ ಸಾವಿರ ಆಯಿತು. ಬೆರಳಲ್ಲಿ ಹಿಡಿದಾಗಲೇ ಗೊತ್ತಾಗುತ್ತೆ, ಅಷ್ಟು ಮೆತ್ತಗಿದೆ.

ಕೂರಿಸುವಾಗ ಡಸ್ಟ್ ಕ್ಯಾಪ್ (ಕೋನ್ ನಡುವಿನ ಮುಚ್ಚಳ) ಕತ್ತರಿಸಿ ಶಿಮ್ ಹಾಕಿ ಅಂತಲೇ ಎಲ್ಲರ ಸಲಹೆ. ಈ ಕ್ಯಾಪ್ ಕತ್ತರಿಸಿದರೆ ಗಾಳಿ ಸೋರಲು ಇನ್ನೊಂದು ದಾರಿ ಮಾಡಿಕೊಟ್ಟ ಹಾಗೆ. ನಾನು ಮೊದಲು ಫೋಮನ್ನು ಕೋನಿಗೆ ಮಾತ್ರ ಅಂಟಿಸಿ ಒಂದು ರಾತ್ರಿ ಬಿಟ್ಟೆ. ಮರುದಿನ ಫ್ರೇಮಿಗೆ ಅಂಟು ಸವರಿ, ಊಫರಿಗೆ ಸಣ್ಣಗೆ ಒಂದು ತಗ್ಗಿನ ಟೋನ್ ಕೊಟ್ಟು, ಕೋನ್ ಆಡುತ್ತಿರುವಾಗಲೇ ಸುತ್ತ ಒತ್ತುತ್ತಾ ಹೋದೆ. ಉಜ್ಜಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತೆ, ಆ ಕಡೆಯಿಂದ ಕೂದಲೆಳೆಯಷ್ಟು ಸರಿಸಿದರೆ ಸಾಕು. ಎಷ್ಟು ಹರ್ಟ್ಸ್, ಎಷ್ಟು ವೋಲ್ಟ್ ಅಂತ ಇಲ್ಲಿ ಹೇಳಲ್ಲ. ಅಂಟಿನ ಹೆಸರೂ ಕೇಳಬೇಡಿ. ನಿಧಾನಕ್ಕೆ ಒಣಗುವಂಥದ್ದು ಅಂತಷ್ಟೇ ತಿಳ್ಕೊಳ್ಳಿ.

ಅಷ್ಟಾದರೂ ಬೇಸ್ ಪೂರ್ತಿ ಬರಲಿಲ್ಲ. ಕೋನ್ ಮೆಲ್ಲಗೆ ಒತ್ತಿ ಬಿಟ್ಟರೆ ಟಕ್ಕನೆ ವಾಪಸ್. ಸೋರದ ಡಬ್ಬದಲ್ಲಿ ಅದು ಸೋಮಾರಿಯಂತೆ ಒಂದೆರಡು ಸೆಕೆಂಡ್ ತಗೊಂಡು ಬರಬೇಕು. ಎಲ್ಲಿ ಸೋರುತ್ತೆ? 20 ಹರ್ಟ್ಸ್ ಕೊಟ್ಟು ಊದುಬತ್ತಿ ಹಿಡಿದು ಡಬ್ಬದ ಸುತ್ತ ಬಂದೆ. ಹಿಂದಿನ ಟರ್ಮಿನಲ್ ತಿರುಪುಗಳ ಹತ್ತಿರ, ದನಿ ಏರಿಸಿ ಇಳಿಸುವ ಕಂಟ್ರೋಲ್‌ಗಳ ಹತ್ತಿರ ಹೊಗೆ ನಡುಗಿತು. ಊಫರ್ ಕೂರುವ ಅಂಚಿನಲ್ಲಿ ಇನ್ನೂ ಜಾಸ್ತಿ. ಜೆ.ಸಿ. ರೋಡಿನಲ್ಲಿ ಕಾರಿನ ಗಾಜು ಕೂರಿಸಲು ಬಳಸುವ ಬ್ಯುಟೈಲ್ ಟೇಪ್ ಸಿಗುತ್ತೆ, ಒಂದು ಸುರುಳಿ 350. ಅದನ್ನೇ ಎಲ್ಲ ಕಡೆ ಇಟ್ಟು ಬಿಗಿದೆ. ರಿಪೇರಿಯ ಅರ್ಧ ಫಲ ಈ 350 ರೂಪಾಯಿಂದ ಬಂತು. ಆಮೇಲೆ ಕೆಪಾಸಿಟರಿಗೆ ಸುರಿದ ದುಡ್ಡಿನಿಂದ ಅಲ್ಲ.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯಿತು. ಒಳಗಿನ ಗ್ಲಾಸ್ ವೂಲ್ ಕೈಗೆ ಕಡಿತ, ಅದರ ಬದಲು ಬೂರುಗದ ಹತ್ತಿ ತುಂಬಿದರೆ ಹೇಗೆ ಅಂತ. ಹಾಸಿಗೆ ಹೊಲಿಯುವವರ ಹತ್ತಿರ ಒಂದು ಕೆಜಿ ತಂದೆ. ಮೊದಮೊದಲು ಚೆನ್ನಾಗೇ ಇತ್ತು, ಗಾಯಕರ ದನಿ ಮೆತ್ತಗೆ ಕೇಳೋದು. ಸ್ವಲ್ಪ ದಿನಕ್ಕೆ ಹತ್ತಿಯೆಲ್ಲ ಕುಸಿದು ತಳ ಸೇರಿ, ಬೇಸ್ ಗುಂಯ್ ಅನ್ನತೊಡಗಿತು. ಹಳೇ ವೂಲನ್ನೇ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಒಂದೊಂದಕ್ಕೆ 570 ಗ್ರಾಂನಂತೆ ವಾಪಸ್ ತುಂಬಿದೆ. ಹತ್ತಿ ದಿಂಬಾಯಿತು. ತಕ್ಕಡಿ ವಿಷಯ ಮನೆಯವರಿಗೆ ಗೊತ್ತಿಲ್ಲ.

ಎಆರ್ ಇಟ್ಟುಕೊಂಡವರಿಗೆಲ್ಲ ಹಿಂದಿನ ಕಂಟ್ರೋಲ್‌ಗಳ ಕಾಟ ಗೊತ್ತೇ ಇದೆ. ಬಿಚ್ಚಿದರೆ ಹಸಿರು ಕಿಲುಬು. ಹುಣಸೆಹುಳಿಯಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಹಾಕಿ ಒಣಗಿಸಿದೆ. ಗೆಳೆಯರೊಬ್ಬರು ನಕ್ಕರು. ಈಗ ತಿರುಗಿಸಿದರೆ ಒಂದು ಕರಕರ ಇಲ್ಲ. ಕ್ರಾಸೋವರಿನಲ್ಲಿ (ದನಿಯನ್ನು ಊಫರ್, ಟ್ವೀಟರುಗಳಿಗೆ ಹಂಚುವ ಸರ್ಕ್ಯೂಟ್) 150, 50, 6 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. 150ರ ಬೈಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ್ದು) ಸಿಗದೆ 100 ಮತ್ತು 47 ಜೋಡಿಸಿದೆ. ಎಲ್ಲ ಸೇರಿ ಮೂರು ಸಾವಿರ.

ಒಟ್ಟು ಖರ್ಚು, ದಂಡವಾದ ಫೋಮೂ ಸೇರಿ, 14-15 ಸಾವಿರ. ಒಬ್ಬರು ಆಗಲೇ ಒಳ್ಳೆ ಬೆಲೆಗೆ ಕೇಳಿದ್ದಾರೆ, ಕೊಡಲ್ಲ. ಒಂದು ಎಚ್ಚರಿಕೆ: ಇವು 4 ಓಮ್ (ಆಂಪ್ಲಿಫೈಯರಿನಿಂದ ಜಾಸ್ತಿ ಕರೆಂಟ್ ಎಳೆಯುತ್ತವೆ), ಅದರಲ್ಲೂ ಕಡಿಮೆ ಸೆನ್ಸಿಟಿವಿಟಿಯವು (ಅದೇ ಪವರಿಗೆ ಕಡಿಮೆ ಸದ್ದು). ನನ್ನ ಸಣ್ಣ ಆಂಪ್ ಹತ್ತು ನಿಮಿಷಕ್ಕೆ ಕಾದು ಕಟ್ ಆಗುತ್ತಿತ್ತು. ಗಟ್ಟಿ ಆಂಪ್ ಇಲ್ಲದೆ ಇವನ್ನು ಮನೆಗೆ ತರಬೇಡಿ.

ಬಲಗಡೆಯ ಟ್ವೀಟರ್ ಮಾತ್ರ ಇನ್ನೂ ಮಂಕು. ಮುಕ್ಕಾಲು ಇಂಚಿನ ಡೋಮ್, ತಂತಿ ತೀರಾ ಸೂಕ್ಷ್ಮ, ಕೈ ಹಾಕುವ ಧೈರ್ಯ ಬಂದಿಲ್ಲ. ಸದ್ಯಕ್ಕೆ ಆ ಕಡೆಯ ಕಂಟ್ರೋಲ್ ಸ್ವಲ್ಪ ಏರಿಸಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಭಾವನ ಮಗಳು ಬರುವಾಗ ಒಂದು ಜೋಡಿ ಟ್ವೀಟರ್ ತರಲು ಹೇಳಿದ್ದೇನೆ.