ಟಿವಿ ಹಿಂದಿನ ವೈರ್ ಗೋಜಲು ಬಿಡಿಸಿದ್ದು

ಬದಿಯಡ್ಕದ ನಮ್ಮ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್, ಹೋಂ ಥಿಯೇಟರ್ ಎಲ್ಲದಕ್ಕೂ ಕೆಂಪು-ಬಿಳಿ-ಹಳದಿ ವೈರ್. ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ಕಳಚಿಟ್ಟು ಮತ್ತೆ ಜೋಡಿಸಿದರೆ ಚಿತ್ರ ಉಂಟು, ಸ್ವರ ಇಲ್ಲ.

ಈಗ ಬಾಕ್ಸ್, ಪ್ಲೇಯರ್ ಎರಡನ್ನೂ ಚಿತ್ರ, ಸ್ವರ ಎರಡೂ ಒಟ್ಟಿಗೆ ಹೋಗುವ ಎಚ್‌ಡಿಎಂಐ ಕೇಬಲಿನಲ್ಲಿ ನೇರ ಟಿವಿಗೇ ಕೊಟ್ಟೆ. ಟಿವಿಯಲ್ಲಿ ಎಆರ್‌ಸಿ (ಆಡಿಯೊ ರಿಟರ್ನ್ ಚಾನೆಲ್) ಅಂತ ಬರೆದ ಪೋರ್ಟ್ ಇರುತ್ತದೆ ಅಲ್ವಾ, ಅಲ್ಲಿಂದ ಹೋಂ ಥಿಯೇಟರಿನ ಎಚ್‌ಡಿಎಂಐ ಔಟ್‌ಗೆ ಒಂದೇ ಕೇಬಲ್. 2009ರ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯ ಇದೆ, ಟಿವಿಯ ಸ್ವರ ಅದೇ ಕೇಬಲಿನಲ್ಲಿ ಸ್ಪೀಕರಿಗೆ ಹೋಗುತ್ತದೆ.

ಆದರೂ ಸ್ವರ ಬರಲಿಲ್ಲ! ಸೆಟ್ಟಿಂಗ್ಸಿನಲ್ಲಿ ಒಂದು ಸಾಧನದಿಂದ ಇನ್ನೊಂದನ್ನು ನಿಯಂತ್ರಿಸಲು ಬಿಡುವ ಸಿಇಸಿ ಆನ್ ಮಾಡಿ (ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ, ಸುಮ್ನೆ ತಲೆನೋವು), ಡಿಜಿಟಲ್ ಆಡಿಯೊವನ್ನು ಪಿಸಿಎಂಗೆ (ಸಂಕುಚಿಸದ ಸಾದಾ ಡಿಜಿಟಲ್ ಸ್ವರ) ಬದಲಿಸಿದ ಮೇಲೆ ಬಂತು. ಟಿವಿ ರಿಮೋಟಿನಲ್ಲೇ ವಾಲ್ಯೂಮ್. ಗುಡುಗು ಶುರುವಾದರೆ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ ಮತ್ತು ಡಿಶ್ಶಿನ ಕೇಬಲ್ ಮಾತ್ರ ಕಳಚುತ್ತೇನೆ.